ಕೆರೆಗೊಬ್ಬ ನೀರುಗಂಟಿ ಬೇಕು

ಕೆರೆ ಕಟ್ಟಿಸಿದವರ ಹೆಸರುಗಳು ನಮ್ಮ ಶಾಸನಗಳಲ್ಲಿ ಹೇರಳವಾಗಿ ಸಿಗುತ್ತವೆ. ಅರಸರು, ದಂಡನಾಯಕರು, ವರ್ತಕರು, ಊರಗೌಡರು ಎಲ್ಲರೂ ಅಲ್ಲಿದ್ದಾರೆ. ಕಟ್ಟಿದ ಕೆರೆಯನ್ನು ಮುಂದೆ ನೋಡಿಕೊಳ್ಳುವ ಖರ್ಚು ಎಲ್ಲಿಂದ ಬರಬೇಕು ಎಂಬುದನ್ನೂ ಎಷ್ಟೋ ಶಾಸನಗಳು ಕಲ್ಲಿನಲ್ಲೇ ಬರೆದಿಟ್ಟಿವೆ. ಬಿತ್ತುವಟ್ಟ, ಕೆರೆಗೊಡಗೆ ಎಂದು ಜಮೀನು ಬಿಟ್ಟು, ಅದರ ಹುಟ್ಟುವಳಿಯಿಂದ ಹೂಳು ಸಾಗಿಸುವ ಬಂಡಿ, ಅದನ್ನು ಎಳೆಯುವ ಕೋಣ, ಹೊಡೆಯುವ ಆಳು ಎಲ್ಲಕ್ಕೂ ದಾರಿ ಮಾಡುತ್ತಿದ್ದರು. ಈ ಎರಡನೆಯ ಭಾಗವನ್ನು ನಾವು ಮರೆತಿದ್ದೇವೆ.

ಇಂದಿನ ಕೆರೆ ಅಭಿವೃದ್ಧಿ ಹೇಗೆ ನಡೆಯುತ್ತದೆ ಎಂಬುದನ್ನು ಎಲ್ಲರೂ ನೋಡಿದ್ದೇವೆ. ಜೆಸಿಬಿ ಬರುತ್ತದೆ, ಹೂಳು ಹೋಗುತ್ತದೆ, ಏರಿಯ ಮೇಲೆ ನಡಿಗೆ ಪಥ ಆಗುತ್ತದೆ, ಶಿಲಾಫಲಕ ನಿಲ್ಲುತ್ತದೆ. ಕೆಲವೇ ಮಳೆಗಾಲ ಕಳೆಯುವಷ್ಟರಲ್ಲಿ ತೂಬು ಸೋರುತ್ತದೆ, ಕೋಡಿಯ ಬಾಯಲ್ಲಿ ಜಾಲಿ ಬೆಳೆಯುತ್ತದೆ, ರಾಜಕಾಲುವೆ ಯಾರದೋ ಹೊಲದೊಳಗೆ ಸೇರಿಹೋಗುತ್ತದೆ. ನೀರು ಬರುವ ದಾರಿಯೇ ಮುಚ್ಚಿದ ಮೇಲೆ ಎಷ್ಟು ಆಳ ತೋಡಿದರೇನು? ಅಚ್ಚುಕಟ್ಟು 40 ಹೆಕ್ಟೇರ್‌ವರೆಗಿನ ಕೆರೆ ಪಂಚಾಯಿತಿ ವ್ಯವಸ್ಥೆಗೆ, ಅದಕ್ಕಿಂತ ದೊಡ್ಡದು ಸಣ್ಣ ನೀರಾವರಿ ಇಲಾಖೆಗೆ ಎಂಬ ಹಂಚಿಕೆ ಕಾಗದದಲ್ಲಿದೆ. ಆದರೆ ದಿನಾ ಬೆಳಿಗ್ಗೆ ಏರಿಯ ಮೇಲೆ ಒಂದು ಸುತ್ತು ಬರುವ ಮನುಷ್ಯ ಯಾವ ಇಲಾಖೆಯಲ್ಲೂ ಇಲ್ಲ.

ಹಿಂದೆ ಆ ಮನುಷ್ಯ ಇದ್ದ. ಅವನೇ ನೀರುಗಂಟಿ. ತೂಬು ಎತ್ತುವುದು, ಕಾಲುವೆ ಬಿಡಿಸುವುದು, ಕೊನೆಯ ಗದ್ದೆಗೂ ಸರದಿಯಂತೆ ನೀರು ಮುಟ್ಟಿಸುವುದು, ಏರಿಯಲ್ಲಿ ಇಲಿ ಬಿಲ ಕಂಡರೆ ಊರಿಗೆ ತಿಳಿಸುವುದು ಅವನ ಕೆಲಸ. ಬೇಸಿಗೆಯಲ್ಲಿ ರೈತರೇ ಕೆರೆಯ ಗೋಡುಮಣ್ಣನ್ನು ಹೊಲಕ್ಕೆ ಹೊಡೆದುಕೊಳ್ಳುತ್ತಿದ್ದರು. ಕೆರೆಗೆ ಆಳ, ಹೊಲಕ್ಕೆ ಸತ್ವ. ಆದರೆ ಆ ವ್ಯವಸ್ಥೆಯಲ್ಲಿ ಜಾತಿಯ ಹೊರೆಯಿತ್ತು. ಹಲವು ಊರುಗಳಲ್ಲಿ ಈ ದುಡಿಮೆ ದಲಿತ ಕುಟುಂಬಗಳ ಪಾಲಿಗೆ ಬಂದಿತ್ತು, ಪ್ರತಿಫಲವಾಗಿ ಸಿಗುತ್ತಿದ್ದದ್ದು ಒಂದಷ್ಟು ಕಾಳು. ಆ ಹೊರೆ ಮರಳಿ ಬರಬಾರದು. ಕೆಲಸ ಮರಳಬೇಕು, ಸಂಬಳ ಮತ್ತು ಗೌರವದೊಂದಿಗೆ, ಯಾವ ಜಾತಿಯ ಹೆಣ್ಣು ಗಂಡೂ ಮಾಡಬಹುದಾದ ನೌಕರಿಯಾಗಿ.

ಹೀಗೆ ಮರಳುವ ನೀರುಗಂಟಿಗೆ ಹಿಂದಿಲ್ಲದ ಹೊಣೆಯೊಂದೂ ಇರುತ್ತದೆ: ಬಚ್ಚಲು ನೀರು ಕೆರೆಗೆ ಸೇರದಂತೆ ಕಾಯುವುದು. 2019ರಲ್ಲಿ ಆರಂಭವಾದ ಜಲ ಜೀವನ್ ಮಿಷನ್ ಹಳ್ಳಿಮನೆಗಳಿಗೆ ನಲ್ಲಿ ತಂದಿತು. ಒಳ್ಳೆಯದೇ ಆಯಿತು. ಮನೆಗೆ ಬಂದ ನೀರು ಸೋಪು, ಎಣ್ಣೆ ಜಿಡ್ಡಿನೊಂದಿಗೆ ಹೊರಗೂ ಹೋಗಬೇಕಲ್ಲ! ಅದು ಚರಂಡಿ ಹಿಡಿದು ತಗ್ಗಿನಲ್ಲಿರುವ ಕೆರೆಗೇ ಇಳಿಯುತ್ತದೆ. ಹೀಗೆ ಹರಿಯಬಿಟ್ಟರೆ ಏನಾಗುತ್ತದೆ ಎಂಬುದಕ್ಕೆ ಬೆಳ್ಳಂದೂರು ಕೆರೆ ಸಾಕ್ಷಿ. ಬೆಂಗಳೂರಿನ ಕೊಳಚೆ ಉಂಡ ಆ ಕೆರೆ 2015, 2017, 2018ರಲ್ಲಿ ಹೊತ್ತಿ ಉರಿಯಿತು. ಹಳ್ಳಿಗೆ ದುಬಾರಿ ಶುದ್ಧೀಕರಣ ಘಟಕ ಬೇಕಿಲ್ಲ. ಮನೆಗೊಂದು ಬಚ್ಚಲು ಗುಂಡಿ ತೋಡಿದರೆ ಬಹುಪಾಲು ನೀರು ಅಲ್ಲೇ ಇಂಗುತ್ತದೆ. ನೈರ್ಮಲ್ಯವೂ ಜಲಸಂರಕ್ಷಣೆಯೂ ಒಂದೇ ಗುಂಡಿಯಲ್ಲಿ ಕೂಡುತ್ತವೆ.

ಆರೈಕೆ ಇದ್ದರೆ ಕೆರೆ ಉಳಿಯುತ್ತದೆ ಎಂಬುದಕ್ಕೂ ಬೆಂಗಳೂರಲ್ಲೇ ನಿದರ್ಶನವಿದೆ. ಜಕ್ಕೂರು ಕೆರೆಗೆ ಶುದ್ಧೀಕರಿಸಿದ ನೀರು ಜೊಂಡು ಬೆಳೆದ ಜೌಗಿನ ಮೂಲಕ ಸೋಸಿ ಬರುವಂತೆ ಮಾಡಲಾಯಿತು. ಬೇಸಿಗೆಯಲ್ಲೂ ಅಲ್ಲಿ ನೀರಿದೆ, ಮೀನಿದೆ, ಹಕ್ಕಿಗಳಿವೆ. ಜೆ.ಪಿ. ನಗರದ ಪುಟ್ಟೇನಹಳ್ಳಿ ಕೆರೆಗಾಗಿ ಸುತ್ತಲಿನ ನಿವಾಸಿಗಳು 2010ರಲ್ಲಿ ಟ್ರಸ್ಟ್ ಕಟ್ಟಿಕೊಂಡು ಕಳೆ ತೆಗೆಸುವುದರಿಂದ ಹಿಡಿದು ಕಾವಲಿನವರೆಗೆ ಹೊಣೆ ಹೊತ್ತರು. ಸೇವೆ ಎಂದರೆ ಹೀಗೆ ವರ್ಷವಿಡೀ ಬಿಡದೆ ಮಾಡುವ ಕೆಲಸ. ಒಂದು ದಿನ ಪೊರಕೆ ಹಿಡಿದು ಫೋಟೊ ತೆಗೆಸಿಕೊಂಡರೆ ಕೆರೆಗೆ ಏನೂ ದಕ್ಕುವುದಿಲ್ಲ.

ಆದ್ದರಿಂದ ಸರ್ಕಾರಕ್ಕೆ ನನ್ನ ಒತ್ತಾಯ ಇಷ್ಟೇ: ಕೆರೆ ಕಾಮಗಾರಿಯ ಪ್ರತಿ ಅಂದಾಜು ಪಟ್ಟಿಯಲ್ಲೂ ಮುಂದಿನ ವರ್ಷಗಳ ನಿರ್ವಹಣೆಗೆ ಹಣ ಮೀಸಲಿಡಿ, ಕೆರೆಗೊಬ್ಬ ನೀರುಗಂಟಿಯನ್ನು ಸಂಬಳ ಕೊಟ್ಟು ನೇಮಿಸಿ. ಓದುಗರಲ್ಲೂ ಒಂದು ವಿನಂತಿ. ಮುಂದಿನ ಗ್ರಾಮಸಭೆಗೆ ತಪ್ಪದೆ ಹೋಗಿ. ನಮ್ಮ ಕೆರೆಯ ತೂಬು ಯಾರ ಹೊಣೆ, ರಾಜಕಾಲುವೆ ಬಿಡಿಸಿದ್ದು ಯಾವಾಗ, ಊರಿನ ಬಚ್ಚಲು ನೀರು ಎಲ್ಲಿಗೆ ಹೋಗುತ್ತಿದೆ ಎಂದು ಕೇಳಿ. ಉತ್ತರವನ್ನು ನಡಾವಳಿಯಲ್ಲಿ ಬರೆಸದೆ ಎದ್ದು ಬರಬೇಡಿ.