ಹುಡುಗಿಯರ ಶಾಲೆ ಎಷ್ಟು ದೂರ?

ಊರಿನಿಂದ ಕಳವಾಕ್ಕೆ ಬಂದವರದ್ದೆಲ್ಲ ಒಂದೇ ಪ್ರಶ್ನೆ: "ಹುಡುಗಿಯರನ್ನು ಯಾವ ಶಾಲೆಗೆ ಹಾಕುವುದು ಮಾರಾಯ್ರೆ?" ಡೊಂಬಿವಲಿಯಲ್ಲಿ ಕನ್ನಡಿಗರೇ ಕಟ್ಟಿದ ಮಂಜುನಾಥ ವಿದ್ಯಾಲಯವಿದೆ, ನಿಜ. ಆದರೆ ಮುಂಬ್ರಾ, ದಿವಾ, ಕೋಪರ್ ದಾಟಿ ಸ್ಲೋ ಲೋಕಲ್‌ನಲ್ಲಿ ಆರು ವರ್ಷದ ಮಗು ದಿನಾ ಎರಡು ಸಲ ನಜ್ಜುಗುಜ್ಜಾಗಬೇಕೆ? ನಡೆದು ಹೋಗುವಷ್ಟು ಹತ್ತಿರದ ಶಾಲೆಯೇ ಸಾಕು ಅಂತೀನಿ. 2020ರ ಕಾಯ್ದೆಯಿಂದಾಗಿ ಇಂಗ್ಲಿಷ್ ಶಾಲೆಯಲ್ಲೂ ಮರಾಠಿ ಕಲಿಸಲೇಬೇಕು. ಕನ್ನಡದ ಅಕ್ಷರ ಮಾತ್ರ ಮನೆಯಲ್ಲಿ ಅಮ್ಮನೋ ಅಜ್ಜಿಯೋ ತಿದ್ದಿಸಬೇಕು.

ನನ್ನ ತಕರಾರು ಬೇರೆ. ಮಗನಿಗೆ ದುಬಾರಿ ಪ್ರೈವೇಟ್ ಶಾಲೆ, ಮಗಳಿಗೆ ಫೀಸಿಲ್ಲದ ಶಾಲೆ ಅನ್ನುವ ಲೆಕ್ಕ ನಮ್ಮವರಲ್ಲೂ ಉಂಟು. (ಕೇಳಿದರೆ "ಅವಳು ಹೇಗೂ ಜಾಣೆ" ಅನ್ನುತ್ತಾರೆ!) ದುಡ್ಡಿನ ಅಡಚಣೆಯೇ ಆದರೆ, 2009ರ ಶಿಕ್ಷಣ ಹಕ್ಕು ಕಾಯ್ದೆಯಡಿ ಖಾಸಗಿ ಶಾಲೆಗಳಲ್ಲಿ ಬಡ ಮಕ್ಕಳಿಗೆಂದು ಶೇಕಡಾ 25 ಸೀಟು ಮೀಸಲಿದೆ. ಅಲ್ಪಸಂಖ್ಯಾತ ಸಂಸ್ಥೆಗಳ ಶಾಲೆಗಳಲ್ಲಿ ಸಿಗದು. ಆದಾಯದ ದಾಖಲೆ, ವಿಳಾಸದ ಪುರಾವೆ ಈಗಲೇ ಮಾಡಿಸಿಡಿ, ಮಗಳ ಹೆಸರಲ್ಲೂ ಅರ್ಜಿ ಹಾಕಿ.