ಒಂದು ಗೀಸರ್ ಕೆಟ್ಟರೆ ಕಟ್ಟಡಕ್ಕೆಲ್ಲ ಕತ್ತಲೆಯೇ?

ಮೂರನೇ ಮಹಡಿಯ ಒಂದು ಕೋಣೆಯಲ್ಲಿ ಗೀಸರ್ ಕೆಟ್ಟರೆ ಆ ಕೋಣೆಯ ಕರೆಂಟು ಹೋಗಬೇಕು, ಅಷ್ಟೇ. ಆದರೆ ಎಷ್ಟೋ ಲಾಡ್ಜು, ಕಾಂಪ್ಲೆಕ್ಸು, ನರ್ಸಿಂಗ್ ಹೋಮುಗಳಲ್ಲಿ ಆಗುವುದೇ ಬೇರೆ. ಕೆಳಗಿನ ಮೇನೇ ಬಿದ್ದು ಲಿಫ್ಟು ನಡುದಾರಿಯಲ್ಲಿ ನಿಲ್ಲುತ್ತೆ, ರೋಗಿಯ ಪಕ್ಕದ ಯಂತ್ರ ಸುಮ್ಮನಾಗುತ್ತೆ. ಜನ ಬೈಯೋದು ಮಾತ್ರ 'ಕೆಇಬಿ'ಯವರನ್ನ. ಆ ಮಂಡಳಿ 1999ರಲ್ಲೇ ಹೋಯಿತು, ಬೈಗುಳ ಉಳಿದಿದೆ! ಇಲ್ಲಿ ತಪ್ಪು ಕಂಬದ್ದಲ್ಲ ಸ್ವಾಮಿ, ಕಟ್ಟಡದೊಳಗಿನದು.

ಮನೆ ಜಗಳ ಮನೆಯಲ್ಲೇ ಮುಗಿಯಬೇಕು, ಪಂಚಾಯ್ತಿ ಕಟ್ಟೆ ಹತ್ತಬಾರದು. ಫ್ಯೂಸು, ಬ್ರೇಕರುಗಳಿಗೂ ಇದೇ ನ್ಯಾಯ. ದೋಷಕ್ಕೆ ಹತ್ತಿರದ್ದು ಮೊದಲು ಬೀಳಬೇಕು, ಮೇಲಿನದು ಕಾಯಬೇಕು.

"ಕೆಳಗೆ 16, ಮೇಲೆ 32 ಆಂಪಿಯರ್ ಹಾಕಿದ್ದೀವಲ್ಲ" ಅಂತಾರೆ ಗುತ್ತಿಗೆದಾರರು. ಲೋಡು ಸ್ವಲ್ಪ ಹೆಚ್ಚಾದಾಗ ಇದು ನಡೆಯುತ್ತೆ. ಶಾರ್ಟ್ ಸರ್ಕ್ಯೂಟಿನಲ್ಲಿ ನಡೆಯೋಲ್ಲ. 'ಸಿ' ಬಗೆಯ ಎಂಸಿಬಿ ತನ್ನ ಆಂಪಿಯರಿನ 5ರಿಂದ 10 ಪಟ್ಟು ಕರೆಂಟು ಹರಿದೊಡನೆ ತಟ್ಟನೆ ಬೀಳುತ್ತದೆ. 32ರದ್ದಾದರೆ 320 ಆಂಪಿಯರ್ ಸಾಕು. ಶಾರ್ಟ್ ಆದಾಗ ಸಾವಿರ ದಾಟುವುದುಂಟು. ಆಗ ಎರಡೂ ಒಟ್ಟಿಗೇ ಬೀಳಬಹುದು.

ಪರಿಹಾರವೇನು ಗುಟ್ಟಲ್ಲ. ಮೇಲೆ ಲೆಕ್ಕ ನೋಡಿ ಎಚ್‌ಆರ್‌ಸಿ ಫ್ಯೂಸು ಹಾಕಬಹುದು, ಇಲ್ಲವೇ ಸ್ವಲ್ಪ ತಡೆದು ಬೀಳುವಂತೆ ಹೊಂದಿಸಬಲ್ಲ ದೊಡ್ಡ ಬ್ರೇಕರ್. ಯಾವುದರ ಮೇಲೆ ಯಾವುದು ಹೊಂದುತ್ತದೆ ಎಂಬ ಪಟ್ಟಿಯನ್ನು ತಯಾರಕರೇ ಕೊಡುತ್ತಾರೆ. ಎರಡೂ ಕಡೆ ಒಂದೇ ಬಗೆಯ ಎಚ್‌ಆರ್‌ಸಿ ಫ್ಯೂಸಾದರೆ ಮೇಲಿನದು ಕೆಳಗಿನದರ 1.6 ಪಟ್ಟಾದರೂ ಇರಬೇಕು. ಈ ಪಟ್ಟಿ ನೋಡುವವರು ಎಷ್ಟು ಜನ?

ನೋಡದವರು ಮಾಡುವ ಉಪಾಯ ಇನ್ನೂ ಭಯಂಕರ. ಪದೇ ಪದೇ ಬೀಳುತ್ತೆ ಅಂತ 2.5 ಚದರ ಮಿಲಿಮೀಟರ್ ತಂತಿಗೆ 40 ಆಂಪಿಯರ್ ಎಂಸಿಬಿ ಕೂರಿಸುತ್ತಾರೆ. ಹಳೇ ಕಿಟ್‌ಕ್ಯಾಟಿಗೆ ದಪ್ಪ ತಂತಿ ಸುತ್ತುತ್ತಾರೆ. ಆಮೇಲೆ ಏನೂ ಬೀಳೋಲ್ಲ ನಿಜ. ಗೋಡೆಯೊಳಗಿನ ವೈರೇ ಫ್ಯೂಸಾಗಿ ಸುಡುತ್ತೆ. ಎಂಸಿಬಿ ಇರುವುದು ವೈರನ್ನು ಕಾಯಲು ಅನ್ನೋದನ್ನೇ ಮರೆತರೆ ಹೇಗೆ?

ಮಾಲೀಕರು ಗ್ರಾನೈಟಿಗೆ ಸುರಿಯುವ ಹಣದಲ್ಲಿ ನಾಲ್ಕು ಕಾಸು ಬೋರ್ಡಿಗೂ ಇಡಲಿ. ಗುತ್ತಿಗೆದಾರನ ಬಿಲ್ ಪಾಸು ಮಾಡುವ ಮುಂಚೆ ಆ ಪಟ್ಟಿ ಕೇಳಿ ಪಡೆಯಲಿ. ವಿದ್ಯುತ್ ಪರಿವೀಕ್ಷಕರು ಅರ್ತಿಂಗ್ ಗುಂಡಿ ನೋಡಿ ಹೊರಡದೆ ಇದನ್ನೂ ವಿಚಾರಿಸಲಿ. ಮೊದಲು ನರ್ಸಿಂಗ್ ಹೋಮುಗಳಿಂದಲೇ ಶುರುವಾಗಲಿ. ಅಲ್ಲಿ ಕರೆಂಟು ಹೋದರೆ ಹೋಗುವುದು ಬರೀ ಬೆಳಕಲ್ಲ.