ಬಡಕಲು ಮೈಗೆ ಉಪವಾಸದ ಉಪದೇಶ

ಹೊಟ್ಟೆ ತುಂಬಿದವರು ಈಗ ಹಸಿವನ್ನು ಕಂಡುಹಿಡಿದಿದ್ದಾರೆ. ಅದಕ್ಕೊಂದು ಇಂಗ್ಲಿಷ್ ಹೆಸರನ್ನೂ ಇಟ್ಟಿದ್ದಾರೆ: ಇಂಟರ್‌ಮಿಟೆಂಟ್ ಫಾಸ್ಟಿಂಗ್. ದಿನದ 24 ಗಂಟೆಯಲ್ಲಿ 16 ಗಂಟೆ ಬಾಯಿ ಕಟ್ಟಿ, ಉಳಿದ 8 ಗಂಟೆಯೊಳಗೆ ಉಂಡು ಮುಗಿಸಬೇಕಂತೆ. ಬರಗಾಲದಲ್ಲಿ ನಮ್ಮ ಅವ್ವಂದಿರು ಇದನ್ನೇ ಮಾಡ್ತಿದ್ದರು. ಆಗ ಇದಕ್ಕೆ ಹೆಸರಿರಲಿಲ್ಲ. ಮೊಬೈಲಿನಲ್ಲಿ ಇದನ್ನು ಕಲಿಸಿ ಕಾಸು ಎಣಿಸೋರೂ ಇರಲಿಲ್ಲ.

ಬೊಜ್ಜು ಬಂದವರು ಮಾಡಿಕೊಳ್ಳಲಿ, ನಮ್ಮ ತಕರಾರಿಲ್ಲ. ಅವರ ಮೈಯಲ್ಲಿ ಕೂಡಿಟ್ಟ ಗಂಟಿದೆ, ಒಂದಿಷ್ಟು ಕರಗಲಿ. ವ್ರತ ಹಿಡಿಯುವವರ, ರೋಜಾ ಇಡುವವರ ನಂಬಿಕೆಯ ಮಾತೂ ಇಲ್ಲಿಲ್ಲ. (ಯೆರವಾಡ ಜೈಲಿನ 1932ರ ಉಪವಾಸದ ಲೆಕ್ಕವನ್ನಂತೂ ಬೇರೆಯೇ ಕೂತು ಮಾಡಬೇಕು.) ನಮ್ಮ ಜಗಳ ಒಂದೇ ಸಂಗತಿಗೆ. ಮೊದಲೇ ಸಣಕಲಾಗಿರುವ, ಇದ್ದ ತೂಕ ಇದ್ದಂಗೇ ಇರಲಿ ಅನ್ನೋ ಹುಡುಗ ಹುಡುಗಿಯರು ಹಾಸ್ಟೆಲ್ಲಿನ ಬೆಳಗಿನ ತಿಂಡಿ ಬಿಟ್ಟು, ಮಧ್ಯಾಹ್ನ ಹನ್ನೆರಡರತನಕ ಕರಿ ಕಾಫಿ ಕುಡಿದುಕೊಂಡು ಕೂರುತ್ತಿದ್ದಾರಲ್ಲ, ಇವರಿಗೆ ಇದನ್ನು ಹೇಳಿಕೊಟ್ಟವರು ಯಾರು? ಇವರ ಮೈಯಲ್ಲಿ ಕರಗಿಸೋಕೆ ಏನಿದೆ ಸ್ವಾಮಿ?

‘ತೂಕ ಇಳಿಸೋಕಲ್ಲ ಸಾರ್, ಆರೋಗ್ಯಕ್ಕೆ’ ಅಂತಾರೆ ಹುಡುಗರು. ಆ ಆರೋಗ್ಯದ ಲೆಕ್ಕವನ್ನೇ ನೋಡೋಣ.

ಇಂಗ್ಲೆಂಡಿನ ಬಾತ್ ವಿಶ್ವವಿದ್ಯಾಲಯದವರು 2021ರಲ್ಲಿ ಒಂದು ಪ್ರಯೋಗದ ಫಲ ಪ್ರಕಟಿಸಿದರು. ಅದು ನಡೆದದ್ದು 36 ಜನ ತೆಳ್ಳಗಿನವರ ಮೇಲೆ, ಮೂರು ವಾರ. ಒಂದು ಗುಂಪು ದಿನದಿನದ ಊಟದಲ್ಲಿ ಕಾಲುಭಾಗ ಕಡಿಮೆ ಉಂಡಿತು. ಇನ್ನೊಂದು ಗುಂಪಿಗೆ ಒಂದು ದಿನ ಪೂರಾ ಉಪವಾಸ, ಮಾರನೆ ದಿನ ಒಂದೂವರೆ ಪಟ್ಟು ಊಟ. ಒಟ್ಟು ಕೂಡಿದರೆ ಅಲ್ಲೂ ಕಾಲುಭಾಗವೇ ಕಡಿತ. ಮೂರನೆಯವರಿಗೆ ಒಂದು ದಿನ ಉಪವಾಸ, ಮಾರನೆ ದಿನ ಎರಡು ಪಟ್ಟು ಊಟ. ದಿನಾ ಸ್ವಲ್ಪ ಕಡಿಮೆ ಉಂಡವರು ಸುಮಾರು 1.9 ಕೆ.ಜಿ. ಇಳಿದರು, ಇಳಿದದ್ದು ಹೆಚ್ಚುಕಮ್ಮಿ ಎಲ್ಲಾ ಕೊಬ್ಬೇ. ಉಪವಾಸ ಮಾಡಿ ಅಷ್ಟೇ ಕಡಿಮೆ ಉಂಡವರು 1.6 ಕೆ.ಜಿ. ಇಳಿದರು, ಅದರಲ್ಲಿ ಕೊಬ್ಬು ಅರ್ಧ ಮಾತ್ರ. ಮಿಕ್ಕರ್ಧ ಕೊಬ್ಬಲ್ಲದ ಮೈ. ಮಾಂಸಖಂಡ ಇರೋದು ಆ ಪಾಲಿನಲ್ಲೇ. ಎರಡು ಪಟ್ಟು ಉಂಡವರ ತೂಕ ಇದ್ದಲ್ಲೇ ಇತ್ತು. ಉಪವಾಸದಿಂದಲೇ ಬಂತು ಅನ್ನುವಂಥ ಬೇರೆ ಲಾಭ ಯಾವುದೂ ಕಾಣಲಿಲ್ಲ.

ಇದು ದಿನ ಬಿಟ್ಟು ದಿನದ ಉಪವಾಸ, 16 ಗಂಟೆಯದಲ್ಲ ಅಂತ ಯಾರಾದರೂ ವಾದಿಸಬಹುದು. ಒಪ್ಪಿದೆವು. 16 ಗಂಟೆಯದನ್ನು ಇಟಲಿಯಲ್ಲಿ 34 ಜನ ಗಂಡಸರ ಮೇಲೆ ಎಂಟು ವಾರ ನಡೆಸಿ 2016ರಲ್ಲಿ ಪ್ರಕಟಿಸಿದರು. ಅವರ ಮಾಂಸಖಂಡ ಉಳಿಯಿತು, ಕೊಬ್ಬು ಕರಗಿತು. ಮೊಬೈಲಿನ ಗುರುಗಳು ಇಷ್ಟನ್ನೇ ಹೇಳ್ತಾರೆ. ಆ ಗಂಡಸರು ವರ್ಷಗಟ್ಟಲೆ ಭಾರ ಎತ್ತಿ ಪಳಗಿದವರು, ಆ ಎಂಟು ವಾರವೂ ಎತ್ತಿದವರು, ಪ್ರೊಟೀನಿಗೆ ಕೊರತೆಯಿಲ್ಲದಂತೆ ಉಂಡವರು ಅನ್ನೋದನ್ನು ಹೇಳೋದಿಲ್ಲ. ಜೀವಕೋಶ ತನ್ನ ಕಸವನ್ನು ತಾನೇ ಗುಡಿಸಿಕೊಳ್ಳುತ್ತೆ, ಅದಕ್ಕೆ ನೊಬೆಲ್ ಬಂದಿದೆ ಅಂತಲೂ ಹೇಳ್ತಾರೆ. ಬಂದದ್ದು ನಿಜ. 2016ರಲ್ಲಿ ಜಪಾನಿನ ಯೋಶಿನೋರಿ ಓಸುಮಿ ಅವರಿಗೆ. ಅವರು ಅದರ ಗುಟ್ಟು ಬಿಡಿಸಿದ್ದು ಯೀಸ್ಟಿನಲ್ಲಿ. ಯೀಸ್ಟು ಹಾಸ್ಟೆಲ್ಲಿನಲ್ಲಿ ಓದೋದಿಲ್ಲ, ಕಳೆ ಕೀಳೋಕೆ ಹೋಗೋದಿಲ್ಲ.

ಈಗ ತಟ್ಟೆಗೆ ಬರೋಣ. ಅಸಲು ಮೋಸ ಇರೋದು ಇಲ್ಲಿ. ತೂಕ ಉಳಿಯಬೇಕಾದರೆ ದಿನದ ಊಟ ಒಂದು ತುತ್ತೂ ಕಡಿಮೆಯಾಗದೆ ಆ 8 ಗಂಟೆಯೊಳಗೇ ಹೊಟ್ಟೆ ಸೇರಬೇಕು. ಐಸಿಎಂಆರ್ 2020ರಲ್ಲಿ ಹಾಕಿದ ಲೆಕ್ಕದ ಪ್ರಕಾರ, ಮೈಮುರಿದು ದುಡಿಯುವ ಗಂಡಸಿಗೆ ದಿನಕ್ಕೆ 3,470 ಕಿಲೊಕ್ಯಾಲೊರಿ ಬೇಕು, ಹೆಂಗಸಿಗೆ 2,720. ಬೇಯಿಸಿದ ಅನ್ನ ನೂರು ಗ್ರಾಮಿಗೆ ಸುಮಾರು 130 ಕೊಡುತ್ತೆ. ಬರೀ ಅನ್ನದಲ್ಲೇ ತುಂಬಿಸುತ್ತೀವಿ ಅಂದರೆ ಆ ಗಂಡಸು ಎರಡೂವರೆ ಕೆ.ಜಿ.ಗೂ ಮೇಲೆ ಉಣ್ಣಬೇಕು. ಎರಡು ಹೊತ್ತಿನಲ್ಲಿ ಅಷ್ಟನ್ನು ಯಾವ ಹೊಟ್ಟೆ ಹಿಡಿಯುತ್ತೆ? ಉಳ್ಳವನಿಗೆ ಈ ಕಷ್ಟ ಇಲ್ಲ. ಒಂದು ಹಿಡಿ ಬಾದಾಮಿ, ಒಂದು ತುಂಡು ಪನೀರು, ಡಬ್ಬಿಯಿಂದ ಎರಡು ಚಮಚ ಪುಡಿ, ಅಲ್ಲಿಗೆ ಮುಗೀತು. ನಮ್ಮ ಮುದ್ದೆ, ಅನ್ನ, ಎಸರಿಗೆ ಹೊಟ್ಟೆಯಲ್ಲಿ ಜಾಗ ಬೇಕು, ಹೊತ್ತು ಬೇಕು. ಬೆಳಿಗ್ಗೆ ಅಂಬಲಿ, ಮಧ್ಯಾಹ್ನ ಬುತ್ತಿ, ರಾತ್ರಿ ಮುದ್ದೆ ಅಂತ ನಮ್ಮವರು ಮೂರು ಹೊತ್ತು ಮಾಡಿಕೊಂಡದ್ದು ಬಾಯಿಚಪಲಕ್ಕಲ್ಲ.

ಪ್ರೊಟೀನಿನ ಕಥೆಯೂ ಇದೇ. ಅದೇ ಐಸಿಎಂಆರ್ ಲೆಕ್ಕ ಮೈತೂಕದ ಕೆ.ಜಿ.ಗೆ 0.83 ಗ್ರಾಂ ಅನ್ನುತ್ತೆ, 55 ಕೆ.ಜಿ.ಯ ಆಳಿಗೆ 46 ಗ್ರಾಂ. ಒಂದು ಮೊಟ್ಟೆಯಲ್ಲಿ ಸಿಗೋದು ಆರು. ಆ ಮೊಟ್ಟೆಯೂ ಸುಮ್ಮನೆ ಸಿಕ್ಕಿತೇ? 2021ರ ಡಿಸೆಂಬರಿನಲ್ಲಿ ಬೀದರ್, ರಾಯಚೂರು, ಕಲಬುರಗಿ ಮೊದಲಾದ ಜಿಲ್ಲೆಗಳ ಶಾಲಾಮಕ್ಕಳ ತಟ್ಟೆಗೆ ಮೊಟ್ಟೆ ಬಂದಾಗ, ಬೇಡ ಅಂತ ಕೆಲವು ಮಠಾಧಿಪತಿಗಳು ಎದ್ದು ನಿಂತರು. ಮಕ್ಕಳು ತಿಂದರು.

ತೆಳ್ಳಗಿದ್ದೀವಿ, ನಮಗೇನಾಗುತ್ತೆ ಅನ್ನೋರಿಗೂ ಒಂದು ಮಾತು. ಪುಣೆಯ ಡಾ. ಯಾಜ್ಞಿಕ್ ಮತ್ತು ಇಂಗ್ಲೆಂಡಿನ ಡಾ. ಯುಡ್ಕಿನ್ 2004ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ತಮ್ಮಿಬ್ಬರ ಫೋಟೋ ಅಚ್ಚು ಹಾಕಿಸಿದರು. ಎತ್ತರಕ್ಕೆ ತೂಕದ ಅಳತೆ ಇಬ್ಬರದೂ ಒಂದೇ, 22.3. ಮೈಯಲ್ಲಿ ಕೊಬ್ಬು ಮಾತ್ರ ಯುಡ್ಕಿನ್ ಅವರಿಗೆ ನೂರಕ್ಕೆ 9.1, ಯಾಜ್ಞಿಕ್ ಅವರಿಗೆ 21.2. ನಮ್ಮ ದೇಶದ ಸಣಕಲು ಮೈಗೆ ಅನೇಕ ಸಲ ಕಡಿಮೆ ಇರೋದೇ ಮಾಂಸಖಂಡ. ಅದನ್ನು ಬೆಳೆಸೋದು ಅನ್ನ, ಕಾಳು, ಮೊಟ್ಟೆ, ಬಾಡು ಮತ್ತು ಮೈ ಬಗ್ಗಿಸಿದ ಕೆಲಸ. ಇದ್ದಷ್ಟನ್ನೂ ಹಸಿವಿಗೆ ಒಪ್ಪಿಸಿದರೆ ಇನ್ನೇನು ಉಳಿಯುತ್ತೆ?

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ನೂರು ಹೆಂಗಸರಲ್ಲಿ ಸುಮಾರು 17 ಜನರ ತೂಕ ಇರಬೇಕಾದ್ದಕ್ಕಿಂತ ಕಡಿಮೆ. ಇವರ ನಡುವೆ ನಿಂತು ಉಪವಾಸ ಬೋಧಿಸೋಕೆ ನಾಚಿಕೆ ಬೇಡವೇ?

ಆದರೂ ಮಾಡ್ತೀವಿ ಅನ್ನೋ ಗೆಳೆಯರೇ, ರಾತ್ರಿ ಎಂಟಕ್ಕೆ ಉಂಡು ಬೆಳಿಗ್ಗೆ ಎಂಟಕ್ಕೆ ತಿಂದರೆ 12 ಗಂಟೆ ಆಗೇ ಹೋಯಿತು, ಅಷ್ಟು ಸಾಕು. ವಾರಕ್ಕೊಮ್ಮೆ ತೂಕ ನೋಡಿ. 165 ಸೆಂ.ಮೀ. ಎತ್ತರದವರು 50 ಕೆ.ಜಿ. ಹತ್ತಿರ ಇಳಿದಿದ್ದರೆ ಅದು ಕಡಿಮೆ ತೂಕವೇ, ಆಟ ನಿಲ್ಲಿಸಿ. ಹುಡುಗಿಯರ ಮುಟ್ಟು ತಪ್ಪಿದರೆ ಅಲ್ಲಿಗೇ ಬಿಟ್ಟು ಡಾಕ್ಟರನ್ನು ಕಾಣಬೇಕು. ಬೆಳೆಯುವ ಮಕ್ಕಳು, ಬಸುರಿ, ಬಾಣಂತಿಯರು ಇದರ ತಂಟೆಗೇ ಹೋಗಬಾರದು. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಮಾತ್ರೆ ತಗೊಳ್ಳೋರು ಡಾಕ್ಟರನ್ನು ಕೇಳದೆ ಒಂದು ಹೊತ್ತೂ ಬಿಡಬಾರದು. ಮೇಷ್ಟ್ರುಗಳು ಇದನ್ನು ತರಗತಿಯಲ್ಲಿ ಹೇಳಲಿ.

ಹಾಸ್ಟೆಲ್ಲಿನ ಹುಡುಗರಿಗೆ ಇನ್ನೊಂದು. ಆ ಬೆಳಗಿನ ತಿಂಡಿ ಯಾರೂ ದಾನ ಕೊಟ್ಟದ್ದಲ್ಲ. ಅರ್ಜಿ ಬರೆದು, ಧರಣಿ ಕೂತು ಪಡೆದದ್ದು. ನೀವು ಬಿಟ್ಟ ತಿಂಡಿಯ ಕಾಸು ನಿಮ್ಮ ಜೇಬಿಗೆ ಬರೋದಿಲ್ಲ. ‘ಹುಡುಗರು ತಿನ್ನೋದಿಲ್ಲ’ ಅಂತ ರಿಜಿಸ್ಟರಿನಲ್ಲಿ ಒಂದು ಸಾಲು ಬಿದ್ದರೆ ನಾಳೆ ಅದೇ ನೆಪವಾಗುತ್ತೆ. ನಾಳೆ ತಿಂಡಿಗೆ ಸಾಲಿನಲ್ಲಿ ನಿಲ್ಲಿ. ಮುಂದಿನ ಮೆಸ್ ಸಭೆಯಲ್ಲಿ ಕೇಳಿ: ಬೆಳಿಗ್ಗೆ ಒಂದು ಲೋಟ ಹಾಲು, ಸಾರಿನ ತಳದಲ್ಲಾದರೂ ಕೈಗೆ ಸಿಗುವಷ್ಟು ಬೇಳೆ, ತಿನ್ನೋರಿಗೆ ಮೊಟ್ಟೆ.